ಹದಿನಾಲ್ಕನೇ ನಂಬರಿನ ಮನೆ

1911ರ ಏಪ್ರಿಲ್ 2, ಭಾನುವಾರ. ಡಬ್ಲಿನ್ ನಗರದಲ್ಲಿ ಅಂದು ಜನಗಣತಿಯ ರಾತ್ರಿ. ಯಾರು ಯಾವ ಸೂರಿನಡಿ ಮಲಗಿದ್ದರೋ ಅವರ ಹೆಸರು ಆ ಮನೆಯ ಲೆಕ್ಕಕ್ಕೆ. ಲಿಫಿ ನದಿಯ ಉತ್ತರಕ್ಕಿರುವ ಹೆನ್ರಿಯೆಟ್ಟಾ ಬೀದಿಯ 14ನೇ ನಂಬರಿನ ಲೆಕ್ಕ ಮುಗಿಯುವಾಗ ಹದಿನೇಳು ಸಂಸಾರ, ನೂರು ಜನ ಸಿಕ್ಕರು. ಮುಂಬಾಗಿಲು ಮಾತ್ರ ಒಂದೇ. ಕೂಲಿಯವರು, ಹಮಾಲರು, ಮನೆಗೆಲಸದ ಹೆಂಗಸರು, ಬಡಗಿ, ದರ್ಜಿ, ಅಂಚೆಯವನು, ಒಂದು ತರಗತಿ ತುಂಬುವಷ್ಟು ಶಾಲೆಯ ಮಕ್ಕಳು. ಹಿತ್ತಿಲಿನಲ್ಲಿ ಕುದುರೆ ಲಾಯ, ಜೊತೆಗೆ ಹಂದಿಗೂಡು.

ಅದಕ್ಕೆ ನೂರ ಅರವತ್ತು ವರ್ಷ ಹಿಂದೆ ಇದೇ ಗೋಡೆಗಳ ನಡುವೆ ಇದ್ದದ್ದು ಒಂದೇ ಕುಟುಂಬ. ಒಬ್ಬ ವೈಕೌಂಟ್, ಅವನ ಹೆಂಡತಿ, ಮಕ್ಕಳು, ಉಳಿದವರೆಲ್ಲ ಆಳುಕಾಳು. ಅರಮನೆಯಂಥ ಮನೆ ಕೊಳೆಗೇರಿಯಾದ ಕಥೆ ಎಂದು ಇದನ್ನು ನಿಟ್ಟುಸಿರಿನೊಂದಿಗೆ ಹೇಳುವುದು ವಾಡಿಕೆ. ನಿಟ್ಟುಸಿರಿಗೆ ನನ್ನ ತಕರಾರಿಲ್ಲ. ಆದರೆ ಒಡೆಯರ ಲೆಕ್ಕದ ಪುಸ್ತಕದ ಕಡೆಯಿಂದ ನೋಡಿದರೆ ಇಲ್ಲಿ ಶುರುವಿನಿಂದ ಕೊನೆಯವರೆಗೂ ನಡೆದದ್ದು ಒಂದೇ ವ್ಯವಹಾರ. ಕಟ್ಟು, ಬಾಡಿಗೆಗೆ ಕೊಡು, ಬಂದಷ್ಟು ಬಾಚಿಕೋ.

ಈ ವ್ಯವಹಾರಕ್ಕೆ ಕೈಹಾಕಿದ ಮೊದಲಿಗ ಲ್ಯೂಕ್ ಗಾರ್ಡಿನರ್. ಹುಟ್ಟಿನಿಂದ ದೊಡ್ಡ ಮನೆತನದವನಲ್ಲ. ಬ್ಯಾಂಕಿಂಗ್‌ನಲ್ಲಿ ದುಡ್ಡು ಮಾಡಿ, ಐರ್ಲೆಂಡಿನ ಸರ್ಕಾರಿ ಖಜಾನೆಯ ಉಪಾಧಿಕಾರಿಯ ಹುದ್ದೆ ಹಿಡಿದು ಮೇಲೆ ಬಂದವನು. 1720ರ ದಶಕದಲ್ಲಿ ನಗರದ ಉತ್ತರಕ್ಕೆ ಖಾಲಿ ಜಮೀನು ಕೊಂಡು ಹೆನ್ರಿಯೆಟ್ಟಾ ಬೀದಿಗೆ ಗೆರೆ ಎಳೆದ. ಕೆಲವು ನಿವೇಶನಗಳಲ್ಲಿ ತಾನೇ ಕಟ್ಟಿದ, ಕೆಲವನ್ನು ಗುತ್ತಿಗೆಗೆ ಬಿಟ್ಟ. ಐರ್ಲೆಂಡಿನ ಚರ್ಚಿನ ಮುಖ್ಯಸ್ಥರಾದ ಆರ್ಚ್‌ಬಿಷಪ್ ಹ್ಯೂ ಬೌಲ್ಟರ್ ಅಲ್ಲಿ ಮನೆ ಮಾಡಿದ ಮೇಲೆ ಬೀದಿಗೆ ದೊಡ್ಡವರ ಬೀದಿ ಎಂಬ ಮುದ್ರೆ ಬಿತ್ತು. ಬಿಷಪ್ಪರು, ನ್ಯಾಯಾಧೀಶರು, ಪಾರ್ಲಿಮೆಂಟಿನ ಸದಸ್ಯರು ಒಬ್ಬರ ಹಿಂದೊಬ್ಬರು ಬಂದರು. ಬೀದಿಯ ಹೆಸರಿನ ಹೆನ್ರಿಯೆಟ್ಟಾ ಗ್ರಾಫ್ಟನ್ನಿನ ಡಚೆಸ್ಸೋ ಬೋಲ್ಟನ್ನಿನ ಡಚೆಸ್ಸೋ ಎಂಬ ಬಗ್ಗೆ ಈಗಲೂ ಒಮ್ಮತವಿಲ್ಲ. ಇಬ್ಬರ ಗಂಡಂದಿರೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ ಐರ್ಲೆಂಡಿಗೆ ವೈಸ್‌ರಾಯ್‌ಗಳಾಗಿ ಬಂದಿದ್ದವರು. ಗಾರ್ಡಿನರ್ ಯಾರನ್ನು ಓಲೈಸಿದ್ದರೂ ಲಾಭವೇ.

13, 14, 15ನೇ ನಂಬರುಗಳು ಒಂದೇ ಸಾಲಿನ ಮೂರು ಮನೆ. ಗಾರ್ಡಿನರ್ ಅವನ್ನು ಕಟ್ಟಿಸಿದ್ದು 1740ರ ದಶಕದ ಕೊನೆಗೆ. ಹೊರಗಿನಿಂದ ಕಂಡರೆ ಸಾದಾ ಇಟ್ಟಿಗೆಯ ಗೋಡೆ, ಉದ್ದುದ್ದ ಕಿಟಕಿಗಳು, ಅಷ್ಟೆ. ಬೆಡಗೆಲ್ಲ ಒಳಗೆ. ಬಾಗಿಲು ದಾಟಿದರೆ ಎತ್ತರದ ಮೊಗಸಾಲೆ, ಅಲ್ಲಿಂದ ಮೊದಲ ಮಹಡಿಗೆ ಏರುವ ಭಾರೀ ಮೆಟ್ಟಿಲು. ಮೇಲೆ ಅತಿಥಿಗಳಿಗೆಂದೇ ಕೋಣೆಗಳು, ಅವುಗಳ ತಾರಸಿಯಂಚಿಗೆ ಗಾರೆಯ ಕುಸುರಿ. ಅಡುಗೆಮನೆ ನೆಲಮಾಳಿಗೆಯಲ್ಲಿ. ಆಳುಗಳಿಗೆ ಹಿಂಬದಿಯಲ್ಲಿ ಇಕ್ಕಟ್ಟಾದ ಇನ್ನೊಂದು ಮೆಟ್ಟಿಲು. ಇದ್ದಿಲು, ನೀರು, ಊಟದ ತಟ್ಟೆ, ಮಲಮೂತ್ರದ ಪಾತ್ರೆ ಎಲ್ಲ ಹತ್ತಿ ಇಳಿಯುತ್ತಿದ್ದದ್ದು ಆ ಹಿಂಬದಿಯಿಂದ. ಮೊಗಸಾಲೆಯಲ್ಲಿ ನಿಂತವರಿಗೆ ಅದು ಕಾಣುತ್ತಿರಲಿಲ್ಲ.

ಮೊದಲ ನಿವಾಸಿ ರಿಚರ್ಡ್ ಮೋಲ್ಸ್‌ವರ್ತ್, ಮೂರನೇ ವೈಕೌಂಟ್. 1706ರ ರಾಮಿಯಿ ಕದನದಲ್ಲಿ ಸೇನಾಪತಿ ಮಾರ್ಲ್‌ಬರೋ ಕುದುರೆಯಿಂದ ಬಿದ್ದು ಶತ್ರುಗಳ ಕೈಗೆ ಸಿಕ್ಕುವಂತಾದಾಗ ತನ್ನ ಕುದುರೆಯನ್ನೇ ಕೊಟ್ಟು ಉಳಿಸಿದ ತರುಣ ಇವನೇ. ಆ ಒಂದು ಕುದುರೆಯ ಋಣ ಬದುಕಿಡೀ ಇವನಿಗೆ ಕಾಯಿತೆನ್ನಬೇಕು. 1750ರ ದಶಕದಲ್ಲಿ ಐರ್ಲೆಂಡಿನ ಸೇನೆಗೆ ಮುಖ್ಯಸ್ಥ, ಆಮೇಲೆ ಫೀಲ್ಡ್ ಮಾರ್ಷಲ್. ಎರಡನೆಯ ಹೆಂಡತಿ ಮೇರಿ ಜೆನ್ನಿ ಅಷರ್ ಅವನಿಗಿಂತ ಬಹಳ ಚಿಕ್ಕವಳು. 1758ರಲ್ಲಿ ಅವನು ತೀರಿಕೊಂಡ. ಐದು ವರ್ಷದ ಮೇಲೆ ಲಂಡನ್ನಿನ ಅವಳ ಮನೆಗೆ ರಾತ್ರಿ ಬೆಂಕಿ ಬಿದ್ದು ಮೇರಿಯೂ ಹೆಣ್ಣುಮಕ್ಕಳಲ್ಲಿ ಇಬ್ಬರೂ ಸತ್ತರು. ಡಬ್ಲಿನ್ನಿನ ಮನೆಗೆ ಅಷ್ಟರಲ್ಲಿ ಬೇರೆ ಬಾಡಿಗೆದಾರರು. ಲಾರ್ಡ್ ಚಾನ್ಸಲರ್ ಜಾನ್ ಬೋಸ್, ಸರ್ ಲೂಷಿಯಸ್ ಓಬ್ರಿಯನ್, ಬಿಷಪ್ ಜಾನ್ ಹೋಥಮ್, ವೈಕೌಂಟ್ ಡಿಲ್ಲನ್, ಹೀಗೆ ಪಟ್ಟಿ ಹೋಗುತ್ತದೆ. ಇವರ್ಯಾರಿಗೂ ಇದು ಹುಟ್ಟೂರ ಮನೆಯಲ್ಲ. ಜಮೀನು, ಗೇಣಿ, ಬೇಟೆ ಎಲ್ಲ ಹಳ್ಳಿಯ ಕಡೆ. ಡಬ್ಲಿನ್ನಿನ ಪಾರ್ಲಿಮೆಂಟು ಕೂತಾಗ, ಚಳಿಗಾಲದ ಕುಣಿತ ಔತಣಗಳ ಹೊತ್ತಿಗೆ ಇಲ್ಲಿಗೆ ಬರಬೇಕು, ಅದಕ್ಕೊಂದು ಮನೆ. ಪಾರ್ಲಿಮೆಂಟು ನಿಂತರೆ ಇಂಥ ಮನೆಗೆ ಕೆಲಸವೇನು?

ಅದು ನಿಂತೇ ಹೋಯಿತು. 1798ರ ಬಂಡಾಯದಿಂದ ಗಾಬರಿಗೊಂಡ ಬ್ರಿಟಿಷ್ ಸರ್ಕಾರ ಐರ್ಲೆಂಡಿನ ಪಾರ್ಲಿಮೆಂಟನ್ನೇ ಕರಗಿಸಿ ಲಂಡನ್ನಿಗೆ ಸೇರಿಸಲು ಹೊರಟಿತು. ಪದವಿ, ಪಿಂಚಣಿ, ರೊಕ್ಕ ಹಂಚಿ ಬಹುಮತ ಗಳಿಸಿ 1800ರಲ್ಲಿ ಏಕೀಕರಣದ ಕಾಯಿದೆ ಮಾಡಿಸಿತು. 1801ರ ಜನವರಿ 1ರಿಂದ ಅದು ಜಾರಿ. ಅದೇ 1800ರ ಆಗಸ್ಟಿನಲ್ಲಿ ಹೆನ್ರಿಯೆಟ್ಟಾ ಬೀದಿಯ ತಲೆಯ ಕಡೆ ಕಿಂಗ್ಸ್ ಇನ್ಸ್ ಎಂಬ ವಕೀಲರ ಸಂಸ್ಥೆಯ ಕಟ್ಟಡಕ್ಕೆ ಅಡಿಗಲ್ಲು ಬಿತ್ತು. ಜೇಮ್ಸ್ ಗ್ಯಾಂಡನ್ ನಕ್ಷೆ ಮಾಡಿದ ಆ ಕಟ್ಟಡದ ಮುಖ ಬೇರೆ ಕಡೆಗಿದೆ, ಬೀದಿಗೆ ಬೆನ್ನು.

ಡಬ್ಲಿನ್ ಬಡವಾಗಿದ್ದು ಈ ಏಕೀಕರಣದಿಂದಲೇ ಎಂಬುದು ಐರ್ಲೆಂಡಿನಲ್ಲಿ ಬಹುಕಾಲ ಶಾಲೆಯ ಮಕ್ಕಳಿಗೂ ಗೊತ್ತಿದ್ದ ಮಾತು. ಈಚಿನ ಇತಿಹಾಸಕಾರರು ಇದನ್ನು ಅಷ್ಟು ಸಲೀಸಾಗಿ ಒಪ್ಪುವುದಿಲ್ಲ. ಲಾರ್ಡುಗಳು ಹೋದರೂ ವಕೀಲರು, ವೈದ್ಯರು, ಸರ್ಕಾರಿ ಅಧಿಕಾರಿಗಳು ಅದೇ ಮನೆಗಳಲ್ಲಿ ಅರ್ಧ ಶತಮಾನ ನೆಮ್ಮದಿಯಾಗಿದ್ದರು. ನಿಜವಾದ ಪೆಟ್ಟು ಬಿದ್ದದ್ದು ದುಡ್ಡಿದ್ದವರು ರ‍್ಯಾತ್‌ಮೈನ್ಸ್, ಪೆಂಬ್ರೋಕ್‌ನಂಥ ಹೊರವಲಯಕ್ಕೆ ಹೋಗಿ ಅಲ್ಲಿ ಪ್ರತ್ಯೇಕ ಪುರಸಭೆ ಮಾಡಿಕೊಂಡು ನಗರಕ್ಕೆ ತೆರಿಗೆ ಕಟ್ಟುವುದನ್ನು ಬಿಟ್ಟಾಗ ಎನ್ನುತ್ತಾರೆ. ದೊಡ್ಡ ಕೈಗಾರಿಕೆ ಡಬ್ಲಿನ್ನಿಗೆ ಬರಲಿಲ್ಲ, ಅದು ಬೆಲ್‌ಫಾಸ್ಟ್ ಪಾಲಾಯಿತು ಎನ್ನುವವರೂ ಇದ್ದಾರೆ. ಈ 14ನೇ ನಂಬರನ್ನೇ ಸಾಕ್ಷಿಗೆ ಕರೆದರೆ ಎರಡು ಪಕ್ಷಕ್ಕೂ ಅರ್ಧರ್ಧ ಗೆಲುವು. ಶ್ರೀಮಂತರು ಏಕೀಕರಣದ ಬೆನ್ನಿಗೇ ಹೊರಟರು. ಬಡತನ ಒಳಗೆ ಬರಲು ಇನ್ನೂ ಎಪ್ಪತ್ತೈದು ವರ್ಷ ಹಿಡಿಯಿತು. ನಡುವೆ ಅಲ್ಲಿ ಕೂತದ್ದು ವಕೀಲರು, ಒಂದು ನ್ಯಾಯಾಲಯ, ಕೊನೆಗೆ ಸಿಪಾಯಿಗಳು.

ಆ ನ್ಯಾಯಾಲಯದ ವಿಷಯ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. 1845ರಿಂದ ಆಲೂಗಡ್ಡೆ ಬೆಳೆಗೆ ಕೊಳೆರೋಗ ತಗುಲಿ ಬಂದ ಮಹಾಕ್ಷಾಮದಲ್ಲಿ ಹತ್ತು ಲಕ್ಷ ಜನ ಸತ್ತರು, ಅಷ್ಟೇ ಜನ ಹಡಗು ಹತ್ತಿದರು. ಗೇಣಿ ಬರುವುದು ನಿಂತಿತು. ಬಡವರ ಪೋಷಣೆಯ ತೆರಿಗೆ ಏರುತ್ತ ಹೋಯಿತು. ಸಣ್ಣ ಹಿಡುವಳಿದಾರರ ಪಾಲಿನ ತೆರಿಗೆಯನ್ನೂ ಭೂಮಾಲೀಕರೇ ಕಟ್ಟಬೇಕಿತ್ತು. ತಲೆಮಾರುಗಳಿಂದ ಅಡಮಾನ, ವರದಕ್ಷಿಣೆ, ತಮ್ಮಂದಿರ ಪಾಲು ಎಂದು ಸಾಲದ ಮೇಲೆ ಸಾಲ ಹೊತ್ತಿದ್ದ ಎಸ್ಟೇಟುಗಳು ಮುಗ್ಗರಿಸಿದವು. ಮಾರೋಣವೆಂದರೆ ಹಕ್ಕಿನ ಕಾಗದ ಶುದ್ಧವಿಲ್ಲ, ಕೊಳ್ಳುವವರಿಲ್ಲ. ಹೀಗಾಗಿ 1849ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಋಣಭಾರದ ಎಸ್ಟೇಟುಗಳಿಗೆಂದೇ ಒಂದು ನ್ಯಾಯಾಲಯ ತೆರೆಯಿತು. ಸಾಲಗಾರನಾಗಲಿ ಸಾಲ ಕೊಟ್ಟವನಾಗಲಿ ಅರ್ಜಿ ಹಾಕಿದರೆ ಸಾಕು. ಎಸ್ಟೇಟು ಹರಾಜು, ಬಂದ ಹಣದಲ್ಲಿ ಸಾಲ ಚುಕ್ತಾ, ಕೊಂಡವನ ಕೈಗೆ ಯಾವ ಹಳೆಯ ತಗಾದೆಯೂ ಅಂಟದ ಹೊಸ ಹಕ್ಕುಪತ್ರ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಇ.ಸಿ.ಗಾಗಿ ಸಾಲು ನಿಂತವರಿಗೆ ಈ ಏರ್ಪಾಟಿನ ಸೊಗಸು ತಟ್ಟನೆ ತಿಳಿದೀತು.

ಈ ನ್ಯಾಯಾಲಯ ಸುಮಾರು ಹತ್ತು ವರ್ಷ ನಡೆದದ್ದು ಹೆನ್ರಿಯೆಟ್ಟಾ ಬೀದಿಯ 14ನೇ ನಂಬರಿನಲ್ಲಿ. ಒಂದು ಕಾಲಕ್ಕೆ ಲಾರ್ಡುಗಳು ಔತಣಕ್ಕೆ ಹತ್ತುತ್ತಿದ್ದ ಮೆಟ್ಟಿಲನ್ನು ಅವರ ಮೊಮ್ಮಕ್ಕಳು ದಿವಾಳಿಯ ಕಾಗದ ಹಿಡಿದು ಹತ್ತಿದರು. ಮೂರು ಸಾವಿರದಷ್ಟು ಎಸ್ಟೇಟು, ಸುಮಾರು ಐವತ್ತು ಲಕ್ಷ ಎಕರೆ ಇಲ್ಲಿ ಕೈ ಬದಲಾಯಿಸಿತು. ಐರ್ಲೆಂಡಿನ ಪಶ್ಚಿಮದ ಕೊನೆಮಾರಾ ಪ್ರದೇಶದ ಮಾರ್ಟಿನ್ ಮನೆತನದ್ದೇ ಎರಡು ಲಕ್ಷ ಎಕರೆಯ ಹತ್ತಿರ. ಅದು ಸಾಲ ಕೊಟ್ಟಿದ್ದ ಲಂಡನ್ನಿನ ವಿಮಾ ಕಂಪನಿಯ ಪಾಲಾಯಿತು. ಆ ಆಸ್ತಿಯ ವಾರಸುದಾರಳು ಮೇರಿ ಮಾರ್ಟಿನ್ ಅಮೆರಿಕಕ್ಕೆ ಹೊರಟು 1850ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡಳು. ಇಂಗ್ಲೆಂಡಿನ ಬಂಡವಾಳಗಾರರು ಬಂದು ಬೇಸಾಯವನ್ನು ಸುಧಾರಿಸುತ್ತಾರೆ ಎಂಬ ಸರ್ಕಾರದ ಎಣಿಕೆ ಮಾತ್ರ ಫಲಿಸಲಿಲ್ಲ. ಕೊಂಡವರಲ್ಲಿ ಬಹುಪಾಲು ಐರ್ಲೆಂಡಿನವರೇ, ಅಂಗಡಿಕಾರರು, ವಕೀಲರು, ಇನ್ನೊಬ್ಬ ಜಮೀನ್ದಾರನ ಮಕ್ಕಳು. ಇವರು ಹಳಬರಿಗಿಂತ ಕ್ರೂರಿಗಳೋ ಅಲ್ಲವೋ ಎಂಬ ಚರ್ಚೆ ಇನ್ನೂ ನಡೆದಿದೆ. ಒಕ್ಕಲೆಬ್ಬಿಸಿದವರು ಇದ್ದರು, ಸುಮ್ಮನೆ ಗೇಣಿ ಎತ್ತಿಕೊಂಡಿದ್ದವರೂ ಇದ್ದರು. ಇದೇ ಮಾದರಿಯ ಕಾಯಿದೆಯನ್ನು ಬ್ರಿಟಿಷರು ಮುಂದೆ ಭಾರತಕ್ಕೂ ತಂದರು. 1876ರ ಛೋಟಾ ನಾಗಪುರದ ಕಾಯಿದೆ ಅದರಲ್ಲೊಂದು. ಇಲ್ಲಿ ಅದರ ಉದ್ದೇಶ ಉಲ್ಟಾ ಆಗಿ, ಜಮೀನ್ದಾರರ ಆಸ್ತಿ ಹರಾಜಾಗದಂತೆ ಕಾಯುವುದೇ ಮುಖ್ಯವಾಯಿತು. ಗಾರ್ಡಿನರ್ ಕಥೆಯನ್ನೂ ಇಲ್ಲೇ ಮುಗಿಸಿಬಿಡಬಹುದು. ಮೊಮ್ಮಗ 1798ರ ನ್ಯೂ ರಾಸ್ ಕದನದಲ್ಲಿ ಸತ್ತ. ಅವನ ಮಗ ಬ್ಲೆಸ್ಸಿಂಗ್‌ಟನ್ ಅರ್ಲ್ ಕಂಡಂತೆ ಖರ್ಚು ಮಾಡಿ 1829ರಲ್ಲಿ ಕಣ್ಣು ಮುಚ್ಚಿದ. 1840ರ ದಶಕದಲ್ಲಿ ಸಾಲ ತೀರಿಸಲು ಗಾರ್ಡಿನರ್ ಎಸ್ಟೇಟು ತುಂಡು ತುಂಡಾಗಿ ಮಾರಾಟವಾಯಿತು.

ನ್ಯಾಯಾಲಯ ಬೇರೆಡೆಗೆ ಹೋದ ಮೇಲೆ 1860ರ ದಶಕದಲ್ಲಿ ಡಬ್ಲಿನ್ ಮಿಲಿಷಿಯಾದ ಸಿಪಾಯಿಗಳು ಮನೆಯಲ್ಲಿ ಬೀಡುಬಿಟ್ಟರು. 1876ರಲ್ಲಿ ಅದನ್ನು ಕೊಂಡವನು ಥಾಮಸ್ ವ್ಯಾನ್ಸ್.

ಮನೆಯ ಇತಿಹಾಸದ ಅತಿ ದೊಡ್ಡ ತಿರುವು ಇದೇ. ಕ್ಷಾಮದ ನಂತರ ಹಳ್ಳಿಗಳಿಂದ ಜನ ಡಬ್ಲಿನ್ನಿಗೆ ಬಂದು ಸೇರುತ್ತಲೇ ಇದ್ದರು. ನಗರದಲ್ಲಿ ಖಾಯಂ ಕೆಲಸ ಕಡಿಮೆ, ದಿನಗೂಲಿ ಹೆಚ್ಚು. ದೊಡ್ಡ ಮನೆಗೆ ದೊಡ್ಡ ಬಾಡಿಗೆದಾರ ಸಿಗುತ್ತಿಲ್ಲ, ಸಣ್ಣ ಕೋಣೆಗೆ ಸಣ್ಣವರು ಬೇಕಾದಷ್ಟಿದ್ದಾರೆ. ವ್ಯಾನ್ಸ್ ಈ ಲೆಕ್ಕ ಮಾಡಿದ. ಮನೆಯನ್ನು ಒಂದು, ಮೂರು, ನಾಲ್ಕು ಕೋಣೆಗಳ 19 ವಸತಿಗಳಾಗಿ ಸೀಳಿದ. ಎತ್ತರದ ಮೊಗಸಾಲೆಯಲ್ಲಿ ಆ ಭಾರೀ ಮೆಟ್ಟಿಲು ಹಿಡಿದಿದ್ದ ಜಾಗ ಅವನ ಕಣ್ಣಿಗೆ ಬರಿದೇ ಪೋಲು. ಮೆಟ್ಟಿಲು ಕಿತ್ತು, ನಡುವೆ ನೆಲ ಹಾಕಿ, ಬಾಡಿಗೆಯ ಕೋಣೆ ಮಾಡಿದ. ಆಮೇಲೆ ಹತ್ತಿಳಿಯಲು ಎಲ್ಲರಿಗೂ ಉಳಿದದ್ದು ಆಳುಗಳ ಮೆಟ್ಟಿಲು.

ಅವನನ್ನು ಬರೀ ಖಳನಾಗಿ ಚಿತ್ರಿಸುವುದು ಸುಲಭ, ಆದರೆ ನ್ಯಾಯವಲ್ಲ. 1877ರಲ್ಲಿ ಐರಿಶ್ ಟೈಮ್ಸ್ ಪತ್ರಿಕೆಗೆ ಕೊಟ್ಟ ಜಾಹೀರಾತಿನಲ್ಲಿ ಅವನು ಮರ್ಯಾದಸ್ಥ ಕುಟುಂಬಗಳನ್ನು ಕರೆದಿದ್ದ. ಹೊಸ ಬಣ್ಣ, ಹೊಸ ಗೋಡೆಕಾಗದ, ಗ್ಯಾಸ್ ದೀಪ, ಮೆಟ್ಟಿಲ ಅಂಕಣದಲ್ಲಿ ಶೌಚಾಲಯ, ಬಟ್ಟೆ ಒಣಹಾಕಲು ಹಿತ್ತಿಲು, ಪ್ರತಿ ಬಾಡಿಗೆದಾರನಿಗೂ ಒಲೆ. ವಿಕ್ಲೋ ಬೆಟ್ಟಗಳ ಕಡೆಯಿಂದ ಆಗಿನ್ನೂ ಹೊಸದಾಗಿ ಬಂದಿದ್ದ ವಾರ್ಟ್ರಿ ನದಿಯ ಕೊಳಾಯಿ ನೀರು. ಕಾಲಮಾನಕ್ಕೆ ಇದು ಒಳ್ಳೆಯ ವಸತಿ. ಒಂದೊಂದು ಕೋಣೆಯ ಬಾಡಿಗೆಯ ಭಾರ ಇಳಿಸಲು ಜನ ಇನ್ನೊಬ್ಬರನ್ನು ಸೇರಿಸಿಕೊಳ್ಳುತ್ತ, ಅಡ್ಡಗೋಡೆಗಳು ಏಳುತ್ತ, ರಿಪೇರಿಗೆ ಯಾರೂ ಕೈಹಾಕದೆ ಹೋಗುತ್ತ ಮೂವತ್ತು ವರ್ಷದಲ್ಲಿ ಅದೇ ಮನೆ ನೂರು ಜನರ ವಠಾರವಾಯಿತು, ಅಲ್ಲಿನವರ ಬಾಯಲ್ಲಿ ಟೆನೆಮೆಂಟು. ವಠಾರವೆಂದರೆ ನಮಗೆ ನಡುವಂಗಳವೂ ಆಕಾಶವೂ ನೆನಪಾಗುತ್ತವೆ. ಇಲ್ಲಿ ಅದೂ ಇಲ್ಲ. ಒಂದರ ಮೇಲೊಂದು ಪೇರಿಸಿದ ಕೋಣೆಗಳು, ಕೆಳಗೆ ಕತ್ತಲು ಕವಿದ ನೆಲಮಾಳಿಗೆ, ಅಲ್ಲೂ ಸಂಸಾರಗಳು.

ಉಳಿದ ಮನೆಗಳದ್ದೂ ಇದೇ ಪಾಡು. ಜೋಸೆಫ್ ಮೀಡ್ ಎಂಬ ಕಟ್ಟಡ ಗುತ್ತಿಗೆದಾರ ಬೀದಿಯ ಹಲವು ಮನೆಗಳನ್ನು ಕೊಂಡು, ಅಮೃತಶಿಲೆಯ ಅಗ್ಗಿಷ್ಟಿಕೆಗಳನ್ನು ಕಿತ್ತು ಮಾರಿ, ಕೋಣೆ ಕೋಣೆಯಾಗಿ ಬಾಡಿಗೆಗೆ ಬಿಟ್ಟ. 1890ರ ದಶಕದ ಆರಂಭದಲ್ಲಿ ಎರಡು ವರ್ಷ ಡಬ್ಲಿನ್ನಿನ ಲಾರ್ಡ್ ಮೇಯರ್ ಆಗಿದ್ದವನೂ ಇದೇ ಮೀಡ್. 1911ರಲ್ಲಿ ಬೀದಿಯ ಹದಿನೈದು ಮನೆಗಳಲ್ಲಿ ಎಂಟುನೂರಕ್ಕೂ ಮಿಕ್ಕಿ ಜನ.

1913ರ ಆಗಸ್ಟಿನಲ್ಲಿ ಜಿಮ್ ಲಾರ್ಕಿನ್‌ನ ಕಾರ್ಮಿಕ ಸಂಘವನ್ನು ಮುರಿಯಲು ಮಾಲೀಕರು ಹೊರಟಾಗ ಡಬ್ಲಿನ್ ಲಾಕೌಟ್ ಶುರುವಾಯಿತು. ಇಪ್ಪತ್ತು ಸಾವಿರದಷ್ಟು ಜನಕ್ಕೆ ಕೆಲಸವಿಲ್ಲ. ಸೆಪ್ಟೆಂಬರ್ 2ರ ಸಂಜೆ ಹೆನ್ರಿಯೆಟ್ಟಾ ಬೀದಿಗೆ ಹೆಚ್ಚು ದೂರವಿಲ್ಲದ ಚರ್ಚ್ ಸ್ಟ್ರೀಟಿನಲ್ಲಿ ಎರಡು ಹಳೆಯ ಮನೆಗಳು ಕುಸಿದು ಏಳು ಜನ ಸತ್ತರು. ಆಗ ಸರ್ಕಾರಕ್ಕೆ ಎಚ್ಚರವಾಯಿತು, ವಿಚಾರಣೆ ಕೂತಿತು. ಟೆನೆಮೆಂಟುಗಳಲ್ಲಿ 25,822 ಸಂಸಾರಗಳಿವೆ, ಅವುಗಳಲ್ಲಿ 20,108 ಸಂಸಾರಗಳಿಗೆ ಇರುವುದು ಒಂದೇ ಕೋಣೆ ಎಂದು ಅದು ಬರೆಯಿತು. ಇಂಥ ಮನೆಗಳ ಒಡೆಯರಲ್ಲಿ ನಗರಸಭೆಯ ಸದಸ್ಯರೇ ಡಜನ್ನಿಗೂ ಮಿಗಿಲು ಇದ್ದಾರೆಂಬುದೂ ಹೊರಬಂತು. ತಪಾಸಣೆಗೆ ಬರಬೇಕಾದ ಅಧಿಕಾರಿ ಯಾರ ಮನೆಯ ಬಾಗಿಲು ತಟ್ಟಬೇಕಿತ್ತು ಎಂಬುದನ್ನು ಯೋಚಿಸಿದರೆ ಅದುವರೆಗಿನ ಮೌನಕ್ಕೆ ಬೇರೆ ವಿವರಣೆ ಬೇಡ.

ಅದೇ 1913ರಲ್ಲಿ ಈಗಿನ ಒಡಿಶಾದ ಬೆರ್ಹಾಂಪುರದ ಕಡೆಯಿಂದ ಒಬ್ಬ ತೆಲುಗು ಯುವಕ ಕಾನೂನು ಓದಲು ಡಬ್ಲಿನ್ನಿಗೆ ಬಂದರು. 1965ರಿಂದ 67ರವರೆಗೆ ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದು, ಆಮೇಲೆ ರಾಷ್ಟ್ರಪತಿಯಾದ ವಿ.ವಿ. ಗಿರಿ. ಅವರು ಸೇರಿದ್ದು ಯೂನಿವರ್ಸಿಟಿ ಕಾಲೇಜು ಮತ್ತು ಕಿಂಗ್ಸ್ ಇನ್ಸ್, ಅದೇ ಹೆನ್ರಿಯೆಟ್ಟಾ ಬೀದಿಯ ತಲೆಗಿರುವ ಸಂಸ್ಥೆ. ಕಿಂಗ್ಸ್ ಇನ್ಸ್ ಗೇಟಿನಿಂದ ಹೊರಬಿದ್ದ ಗುಮಾಸ್ತನೊಬ್ಬ ಬೀದಿಯ ತುಂಬ ಹರಡಿದ್ದ ಮಕ್ಕಳನ್ನು ಕಂಡೂ ಕಾಣದಂತೆ ಬಳಸಿ ನಡೆಯುವುದನ್ನು ಜೇಮ್ಸ್ ಜಾಯ್ಸ್ 'ಡಬ್ಲಿನರ್ಸ್' ಸಂಕಲನದ ಒಂದು ಕಥೆಯಲ್ಲಿ ಚಿತ್ರಿಸಿದ್ದಾನೆ. ಗಿರಿಯವರು ಹಾಗೆ ಬಳಸಿ ನಡೆದವರಂತೆ ತೋರುವುದಿಲ್ಲ. ಲಾಕೌಟಿನ ನಗರದಲ್ಲಿ ಅವರ ಓದು ಶುರುವಾಯಿತು. ಲಾರ್ಕಿನ್ ಮತ್ತು ಅವನ ಸಂಗಾತಿ ಕನೋಲಿಯವರ ಕಾರ್ಮಿಕ ಚಳವಳಿ ಅವರ ಮೇಲೆ ಅಚ್ಚೊತ್ತಿತು. 1916ರಲ್ಲಿ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಎದ್ದ ಈಸ್ಟರ್ ದಂಗೆಯ ಬೆನ್ನಿಗೆ ದೇಶ ಬಿಡುವಂತೆ ನೋಟೀಸು ಬಂತು. ಊರಿಗೆ ಮರಳಿ ರೈಲ್ವೆ ಕಾರ್ಮಿಕರ ಸಂಘ ಕಟ್ಟಿದರು.

ಸ್ವತಂತ್ರ ಐರ್ಲೆಂಡು ವಸತಿಯ ಕೆಲಸಕ್ಕೆ ಗಟ್ಟಿಯಾಗಿ ಇಳಿದದ್ದು 1930ರ ದಶಕದಲ್ಲಿ. ನಗರಸಭೆಯ ವಾಸ್ತುಶಿಲ್ಪಿ ಹರ್ಬರ್ಟ್ ಸಿಮ್ಸ್ 1932ರಿಂದ ಹದಿನಾರು ವರ್ಷದಲ್ಲಿ ಸುಮಾರು 17,000 ಮನೆ ಕಟ್ಟಿಸಿದರು. ಒಂದು ವಸತಿ ಸಮುಚ್ಚಯ ಹೆನ್ರಿಯೆಟ್ಟಾ ಬೀದಿಯ ಪಕ್ಕದಲ್ಲೇ ಎದ್ದಿತು. ಕೆಲಸದ ಹೊರೆ ತಾಳಲಾರದೆ 1948ರಲ್ಲಿ ಅವರು ಪ್ರಾಣ ಕಳೆದುಕೊಂಡರು. ಕ್ರಮ್ಲಿನ್, ಕಾಬ್ರಾಗಳ ಹೊಸ ಬಡಾವಣೆಗೆ ಹೋದವರಿಗೆ ಸ್ವಂತ ಕೊಳಾಯಿ, ಸ್ವಂತ ಶೌಚಾಲಯ, ಕೈತೋಟ ಸಿಕ್ಕಿತು. ಬಾಡಿಗೆಯೂ ಬಸ್ಸಿನ ಖರ್ಚೂ ಏರಿತು, ಕೂಗಿದರೆ ಓಗೊಡುವ ನೆರೆ ತಪ್ಪಿತು. ಉಳಿದವರು ಉಳಿದೇ ಇದ್ದರು. 1963ರ ಜೂನಿನಲ್ಲಿ ಹತ್ತಿರದ ಬೋಲ್ಟನ್ ಸ್ಟ್ರೀಟಿನಲ್ಲಿ ಮನೆ ಕುಸಿದು ವೃದ್ಧ ದಂಪತಿ ಸತ್ತರು. ಕೆಲವೇ ದಿನದಲ್ಲಿ ಫೀನಿಯನ್ ಸ್ಟ್ರೀಟಿನಲ್ಲಿ ಇಬ್ಬರು ಪುಟ್ಟ ಹುಡುಗಿಯರು. ಆಗ ಅಪಾಯದ ಮನೆಗಳನ್ನು ಖಾಲಿ ಮಾಡಿಸುವ ಭರಾಟೆ ಶುರುವಾಯಿತು. 14ನೇ ನಂಬರಿನ ಕೊನೆಯ ಸಂಸಾರ ಹೊರಟದ್ದು 1970ರ ದಶಕದ ಕೊನೆಗೆ. ನಡುವಯಸ್ಸಿನವರ ನೆನಪಿನಷ್ಟು ಈಚೆಗೆ.

ಖಾಲಿಯಾದ ಮನೆ ಇಪ್ಪತ್ತು ವರ್ಷ ಪಾರಿವಾಳಗಳ ಪಾಲು. ಆಮೇಲೆ ನಗರಸಭೆ ಅದನ್ನು ಕಾನೂನಿನ ಬಲದಿಂದ ವಶಕ್ಕೆ ತೆಗೆದುಕೊಂಡು ಹತ್ತು ವರ್ಷಕ್ಕೂ ಮೀರಿ ದುರಸ್ತಿ ಮಾಡಿಸಿತು. ಒಂದು ಒಳ್ಳೆಯ ತೀರ್ಮಾನವನ್ನೂ ತೆಗೆದುಕೊಂಡಿತು. ಎಲ್ಲ ಕೆರೆದು ಹಾಕಿ 1750ರ ಲಾರ್ಡಿನ ಮನೆಯನ್ನು ಹೊಸದಾಗಿ ನಿಲ್ಲಿಸಲಿಲ್ಲ. ಒಂದರ ಮೇಲೊಂದು ಅಂಟಿದ ಗೋಡೆಕಾಗದದ ಪದರ, ಸವೆದ ಲಿನೋಲಿಯಂ ಚೂರು, ಮೆಟ್ಟಿಲ ಪಕ್ಕದ ಗೋಡೆಯ ಬಣ್ಣ ಉಳಿದವು. ಆ ಗೋಡೆಯ ಕೆಳಭಾಗ ಜಾಜಿನ ಕೆಂಪು, ಮೇಲ್ಭಾಗ ಗಾಢ ನೀಲಿ. ಆ ನೀಲಿ ರೆಕಿಟ್ ಕಂಪನಿಯ ಬಟ್ಟೆನೀಲಿಯ ಹೆಸರಿನದು; ಬಿಳಿ ಪಂಚೆಗೆಂದು ನಮ್ಮ ಅಮ್ಮಂದಿರು ಬಕೆಟ್ಟಿನಲ್ಲಿ ಕರಗಿಸುತ್ತಿದ್ದ ರಾಬಿನ್ ಬ್ಲೂ ಕೂಡ ಅದೇ ಕಂಪನಿಯದು. ಡಬ್ಲಿನ್ನಿನ ಟೆನೆಮೆಂಟುಗಳ ಮೊಗಸಾಲೆಯಲ್ಲಿ ಈ ಎರಡು ಬಣ್ಣ ಸಾಮಾನ್ಯವಾಗಿತ್ತು. ಅಗ್ಗ, ಕೊಳೆಯೂ ಬೇಗ ಕಾಣುವುದಿಲ್ಲ.

ದಾಖಲೆಗಳ ಮಾತು ಬಂದರೆ ಮೋಲ್ಸ್‌ವರ್ತನ ಕುದುರೆಯ ಕಥೆ ಹತ್ತು ಪುಸ್ತಕದಲ್ಲಿ ಸಿಗುತ್ತದೆ. ಟೆನೆಮೆಂಟಿನವರ ಬಗ್ಗೆ ಸಿಗುವುದು ಜನಗಣತಿಯ ಹಾಳೆ. ಅದೂ ಬಹುಕಾಲ ಸಿಗುತ್ತಿದ್ದದ್ದು 1901, 1911ರದ್ದು ಮಾತ್ರ; ಅದಕ್ಕೆ ಹಿಂದಿನ ಹಾಳೆಗಳಲ್ಲಿ 1851ರವರೆಗಿನವು ಬಹುಮಟ್ಟಿಗೆ 1922ರ ಅಂತರ್ಯುದ್ಧದಲ್ಲಿ ದಾಖಲೆ ಭಂಡಾರದ ಜೊತೆ ಸುಟ್ಟವು, 1861ರಿಂದ 1891ರವರೆಗಿನವನ್ನು ಸರ್ಕಾರವೇ ನಾಶ ಮಾಡಿತ್ತು. ಹಾಗಾಗಿ ಈ ಮನೆಯಲ್ಲಿ ಹುಟ್ಟಿ ಬೆಳೆದ ಮುದುಕ ಮುದುಕಿಯರನ್ನು ಹುಡುಕಿ ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳುವ ಕೆಲಸ ನಡೆಯಿತು. 2013ರಲ್ಲಿ, ಲಾಕೌಟಿನ ನೂರನೇ ವರ್ಷಕ್ಕೆ, ದುರಸ್ತಿ ಮುಗಿಯದ ಕೋಣೆಗಳಲ್ಲೇ ಅನು ಎಂಬ ತಂಡ ನಾಟಕ ಆಡಿತು. ಜನ ಸಾಲುಗಟ್ಟಿ ಬಂದರು.

2018ರ ಸೆಪ್ಟೆಂಬರಿನಲ್ಲಿ 14ನೇ ನಂಬರು ಸಂಗ್ರಹಾಲಯವಾಗಿ ತೆರೆಯಿತು. ಆ ಹೊತ್ತಿಗೆ ಡಬ್ಲಿನ್ನಿನಲ್ಲಿ ಬಾಡಿಗೆ ಮನೆಯ ಬರ ಕೈಮೀರಿತ್ತು. ಆ ಬೇಸಿಗೆಯಲ್ಲಿ ಸಮ್ಮರ್‌ಹಿಲ್ ಕಡೆಯ ಮನೆಗಳಲ್ಲಿ ಒತ್ತೊತ್ತಾಗಿ ತುಂಬಿಕೊಂಡಿದ್ದ ಹತ್ತಾರು ಬಾಡಿಗೆದಾರರನ್ನು ಹೊರಹಾಕಲಾಗಿತ್ತು. ಅವರಲ್ಲಿ ಹೆಚ್ಚಿನವರು ಬ್ರೆಜಿಲ್ಲಿನಿಂದ ಬಂದ ಕೆಲಸಗಾರರು. ಅದನ್ನು ಪ್ರತಿಭಟಿಸಿ ಯುವಕರ ಗುಂಪೊಂದು ನಾರ್ತ್ ಫ್ರೆಡರಿಕ್ ಸ್ಟ್ರೀಟಿನ ಖಾಲಿ ಮನೆಯನ್ನು ಹಿಡಿದು ಕೂತಿತು. ಸಂಗ್ರಹಾಲಯದಿಂದ ಅದು ಹತ್ತು ನಿಮಿಷದ ನಡಿಗೆ. ಸೆಪ್ಟೆಂಬರ್ 11ರ ಸಂಜೆ ಮುಸುಕು ಹಾಕಿದ ಖಾಸಗಿ ಕಾವಲುಗಾರರು ಬಂದು, ಪೊಲೀಸರ ಕಾವಲಿನಲ್ಲಿ, ಬಾಗಿಲು ಒಡೆದು ಅವರನ್ನು ಎಬ್ಬಿಸಿದರು.